ಕಿಟಕಿಗೆ ಪೇಪರ್, ಗೋಡೆಗೆ ಜಾಲರಿ

ಓದುಗರ ಪತ್ರ: ನಮ್ಮದು 40 ಜನರ ಕಂಪನಿ. ಹೊಸ ಆಫೀಸಿಗೆ ಹೋಗುತ್ತಿದ್ದೇವೆ. ಮೂರನೇ ಮಹಡಿ, ಬಾಡಿಗೆ ಜಾಗ, ಪಶ್ಚಿಮಕ್ಕೆ ಪೂರ್ತಿ ಗಾಜು. ಒಳಗೆ ‘ಸ್ಥಳೀಯ ಸಂಸ್ಕೃತಿ ಕಾಣಬೇಕು’ ಅಂತ ಯಜಮಾನರ ಆಸೆ. ಡಿಸೈನರ್ ಕೊಟ್ಟ ಪ್ಲಾನಿನಲ್ಲಿ ರಿಸೆಪ್ಷನ್ ತುಂಬ ಮುಖವಾಡ, ಮಡಕೆ, ಜನಪದ ಚಿತ್ರ. ಕರಕುಶಲ ಮೇಳದ ಮಳಿಗೆ ಥರ ಇದೆ ಅಂತ ಅರ್ಧ ಜನ ನಗುತ್ತಿದ್ದಾರೆ. ಏನು ಮಾಡೋಣ?

ಸಂಪಾದಕರ ಉತ್ತರ: ನಗುತ್ತಿರುವ ಅರ್ಧ ಜನರ ಜೊತೆ ನನ್ನನ್ನೂ ಸೇರಿಸಿಕೊಳ್ಳಿ. ಆದರೆ ಯಜಮಾನರ ಆಸೆ ತಪ್ಪಲ್ಲ. ತಪ್ಪಿರುವುದು ಅದನ್ನು ಹುಡುಕಿದ ಜಾಗ.

ಹಿಂದೊಮ್ಮೆ ಒಂದು ಆಫೀಸಿಗೆ ಹೋಗಿದ್ದೆ. ಬಾಗಿಲು ದಾಟಿದ ಕೂಡಲೇ ಆಳೆತ್ತರದ ಮರದ ಜಾಲರಿ. ಕೈಕೆತ್ತನೆ, ಹಿಂದೆ ಹಳದಿ ಲೈಟು. ಫೋಟೋಗೆ ಹೇಳಿ ಮಾಡಿಸಿದ ಹಾಗಿತ್ತು. ಒಳಗಿನ ಹಾಲ್ ನೋಡಿದಾಗ ಮಧ್ಯಾಹ್ನ ಮೂರು ಗಂಟೆ. ಬಿಸಿಲು ನೇರವಾಗಿ ಮೇಜಿನ ಮೇಲೆ. ಕಿಟಕಿಗಳಿಗೆಲ್ಲ ಹಳೇ ಪೇಪರ್ ಅಂಟಿಸಿದ್ದರು. ಒಬ್ಬರು ಮಾನಿಟರಿಗೆ ರಟ್ಟಿನ ಟೋಪಿ ಹಾಕಿದ್ದರು! ಬಿಸಿಲು ಸೋಸಲೆಂದೇ ಹುಟ್ಟಿದ ಜಾಲರಿ ಮಾತ್ರ ಬಿಸಿಲೇ ಬೀಳದ ಗೋಡೆಗೆ ಒರಗಿ ಸುಮ್ನೆ ನಿಂತಿತ್ತು.

ಡಿಸೈನರ್ ಏನೇ ತೋರಿಸಲಿ, ಒಂದೇ ಪ್ರಶ್ನೆ ಕೇಳಿ: ಇದು ಹುಟ್ಟಿದ ಕಡೆ ಏನು ಕೆಲಸ ಮಾಡುತ್ತಿತ್ತು, ಇಲ್ಲಿ ಏನು ಮಾಡುತ್ತೆ?

ಅರಬ್ ನಾಡುಗಳ ಮಶ್ರಬಿಯಾ ಅನ್ನುವ ಜಾಲರಿ ಕಿಟಕಿ ನೋಡಿ. ಆ ಹೆಸರಿನ ಬೇರು ಇರುವುದು ‘ಕುಡಿಯುವುದು’ ಅನ್ನುವ ಪದದಲ್ಲಿ. ಗಾಳಿಯಾಡುವ ಕಿಂಡಿಗಳ ಬಳಿ ನೀರಿನ ಹೂಜಿ ಇಟ್ಟು ತಣ್ಣಗೆ ಮಾಡಿಕೊಳ್ಳುತ್ತಿದ್ದರು. 2012ರಲ್ಲಿ ಮುಗಿದ ಅಬುಧಾಬಿಯ ಅಲ್ ಬಹರ್ ಗೋಪುರಗಳಲ್ಲಿ ಅದೇ ಜಾಲರಿ ಗಾಜಿನ ಹೊರಗಡೆ ಇದೆ. ಸೂರ್ಯ ಬಂದ ಕಡೆ ಕೊಡೆಯಂತೆ ಬಿಚ್ಚಿಕೊಳ್ಳುತ್ತೆ, ಆಮೇಲೆ ಮಡಚಿಕೊಳ್ಳುತ್ತೆ. ಅಹಮದಾಬಾದಿನಲ್ಲಿ ವಾಸ್ತುಶಿಲ್ಪಿ ಬಿ.ವಿ. ದೋಶಿ 1980ರ ಹೊತ್ತಿಗೆ ಕಟ್ಟಿಕೊಂಡ ತಮ್ಮ ಆಫೀಸು ‘ಸಂಗಾತ್’ ಅರ್ಧ ನೆಲದೊಳಕ್ಕೆ ಇಳಿದಿದೆ. ಕಮಾನು ಸೂರಿನ ಮೇಲೆ ಬಿಳಿ ಪಿಂಗಾಣಿ ಚೂರುಗಳು, ಬಿಸಿಲನ್ನು ವಾಪಸ್ ಕಳಿಸಲು. ಬಿಸಿಲ ನಾಡಿನ ಕಟ್ಟಡ ಅಂತ ಬೋರ್ಡ್ ಹಾಕಬೇಕಾಗಿಲ್ಲ, ಅಲ್ವಾ?

ನಿಮ್ಮದು ಬಾಡಿಗೆ ಮಹಡಿ, ಸೂರು ಮುಟ್ಟುವ ಹಾಗಿಲ್ಲ. ಸರಿ, ಪಶ್ಚಿಮದ ಗಾಜಿನಿಂದಲೇ ಶುರು ಮಾಡಿ. ಇಡೀ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ನೀವು ಅರ್ಧ ಸಾಲಿನಲ್ಲಿ ಹೇಳಿ ಬಿಟ್ಟ ಆ ಮಾತು. ಕಟ್ಟಡದ ಮಾಲೀಕರು ಒಪ್ಪಿದರೆ ಜಾಲರಿಯನ್ನು ಗಾಜಿನ ಹೊರಗೆ ಹಾಕಿಸಿ. ಒಳಗೆ ಹಾಕಿದರೆ ಕಣ್ಣು ಕುಕ್ಕುವುದು ನಿಲ್ಲುತ್ತೆ, ಆದರೆ ಗಾಜು ದಾಟಿ ಬಂದ ಶಾಖದಲ್ಲಿ ಹೆಚ್ಚಿನದು ಒಳಗೇ ಉಳಿಯುತ್ತೆ. ಇನ್ನೊಂದು ವಿಷಯ: ನೆರಳು ಬೆಳಕಿನ ಚುಕ್ಕಿಗಳು ನೋಡಲು ಚೆಂದ, ಸ್ಕ್ರೀನ್ ಮೇಲೆ ಬಿದ್ದರೆ ತಲೆನೋವು. ಮೇಜುಗಳನ್ನು ಸ್ವಲ್ಪ ಒಳಗೆ ಸರಿಸಿ, ಕಿಟಕಿ ಪಕ್ಕ ಓಡಾಡಲು ಜಾಗ ಬಿಡಿ. ಅಲ್ಲೇ 45 ಸೆಂಟಿಮೀಟರ್ ಎತ್ತರದ ಉದ್ದನೆ ಕಟ್ಟೆ ಹಾಕಿದರೆ ಹತ್ತು ನಿಮಿಷದ ಮಾತುಕತೆಗೆ ಮೀಟಿಂಗ್ ರೂಮ್ ಬುಕ್ ಮಾಡಬೇಕಾಗಿಲ್ಲ. ನೆಲದ ಮೇಲೆ ಕೂರುವ ಗಾದಿ ಬೇಡ. ಮಂಡಿ ನೋವಿನವರು ಎದ್ದೇಳಲು ಒದ್ದಾಡುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ.

ಚಾಪೆ, ಒರಟು ನೇಯ್ಗೆ ಬಟ್ಟೆ ಎರಡೂ ಒಳ್ಳೆಯವು. ಆದರೆ ತೆಳು ಚಾಪೆಯನ್ನು ಗೋಡೆಗೆ ಬಡಿದರೆ ಗದ್ದಲ ಅಷ್ಟಾಗಿ ತಗ್ಗದು. ಹಿಂದೆ ದಪ್ಪನೆಯ ಮೆತ್ತನೆ ಹಾಸು ಬೇಕು, ಬೆಂಕಿ ಹತ್ತದ ಹಾಗೆ ಸಂಸ್ಕರಿಸಿರಬೇಕು.

ಮುಖವಾಡದ ವಿಷಯ. ಅದು ಯಾರಿಗಾದರೂ ದೇವರೇ, ಆಟದ ಸಾಮಾನೇ, ಮೊದಲು ವಿಚಾರಿಸಿ. ಪೂಜೆಯ ವಸ್ತುವನ್ನು ಕಾಫಿ ಮಷೀನ್ ಪಕ್ಕ ನೇತುಹಾಕಿದರೆ ಒಂದಲ್ಲ ಒಂದು ದಿನ ಯಾರೋ ಒಬ್ಬರು ನೊಂದುಕೊಳ್ಳುತ್ತಾರೆ. ಚಿತ್ರ ಬೇಕೇ ಬೇಕು ಅಂದರೆ ಆ ಕಲೆ ಗೊತ್ತಿರುವವರಿಂದಲೇ ಬರೆಸಿ, ಕೂಲಿ ಸರಿಯಾಗಿ ಕೊಡಿ, ಮೂಲೆಯಲ್ಲಿ ಅವರ ಹೆಸರಿರಲಿ. ನೆಟ್‌ನಿಂದ ಇಳಿಸಿಕೊಂಡು ವಿನೈಲ್ ಮೇಲೆ ಪ್ರಿಂಟ್ ಹೊಡೆಸುವುದು ನನಗಂತೂ ಕಳ್ಳತನವೇ.

ಉಳಿದ ಸಾಮಾನೆಲ್ಲ ಎಲ್ಲಿಡೋದು ಅಂತ ಯಜಮಾನರು ಕೇಳಬಹುದು. ಜಪಾನಿನ ಹಳೇ ಶೈಲಿಯ ಮನೆಗಳಲ್ಲಿ ತೊಕೊನೊಮಾ ಅಂತ ಒಂದು ಗೂಡು ಇರುತ್ತೆ. ಅದರಲ್ಲಿ ಒಂದು ಚಿತ್ರದ ಸುರುಳಿ, ಒಂದಿಷ್ಟು ಹೂವು. ಋತು ಬದಲಾದಂತೆ ಅವನ್ನೂ ಬದಲಿಸುತ್ತಾರೆ. ನೀವೂ ರಿಸೆಪ್ಷನ್‌ನಲ್ಲಿ ಒಂದೇ ಒಂದು ಗೂಡು ಮಾಡಿಸಿ. ಈ ತಿಂಗಳು ಮಡಕೆ, ಮುಂದಿನ ತಿಂಗಳು ಇನ್ನೊಂದು.

ಪ್ಲಾನಿಗೆ ಸಹಿ ಬೀಳುವ ಮೊದಲು ಯಜಮಾನರನ್ನೂ ಡಿಸೈನರನ್ನೂ ಒಂದು ಮಧ್ಯಾಹ್ನ ಆ ಖಾಲಿ ಹಾಲಿಗೆ ಕರೆದುಕೊಂಡು ಹೋಗಿ. ಗಾಜಿನ ಪಕ್ಕ ಎರಡು ಕುರ್ಚಿ ಹಾಕಿ, ಕೈಗೆ ಲ್ಯಾಪ್‌ಟಾಪ್ ಕೊಟ್ಟು, ಮೂರರಿಂದ ನಾಲ್ಕರವರೆಗೆ ಕೂರಿಸಿ.