ಚುಕ್ಕೆಗಳು ಹೇಳುವ ಓಟ: ಮೈನಸ್ ಅಂದರೆ ನಿಧಾನವೇ?

ಪ್ರಶ್ನೆ: ಮಗಳು 11ನೇ ತರಗತಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಮೋಷನ್ ಡಯಾಗ್ರಾಂ (ಸಮ ಸಮಯಕ್ಕೊಮ್ಮೆ ವಸ್ತು ಇದ್ದ ಜಾಗವನ್ನು ಚುಕ್ಕೆಯಿಟ್ಟು ತೋರಿಸುವ ಚಿತ್ರ) ಪಾಠದಲ್ಲಿ, ಎಡಕ್ಕೆ ಓಡುವ ರೈಲಿನ ಚುಕ್ಕೆಗಳನ್ನು ಕೊಟ್ಟು ವೇಗೋತ್ಕರ್ಷ (ವೇಗ ಬದಲಾಗುವ ದರ) ಕೇಳಿದ್ದರು. ಉತ್ತರ ಮೈನಸ್ ಬಂತು. ‘ಹಾಗಾದರೆ ರೈಲು ನಿಧಾನವಾಗುತ್ತಿದೆ’ ಎಂದು ಬರೆದಳು. ಲೆಕ್ಕ ಸರಿ, ಮಾತು ತಪ್ಪು ಎಂದು ಗುರುತು ಹಾಕಿದ್ದಾರೆ. ಮೈನಸ್ ಅಂದರೆ ನಿಧಾನ ಅಲ್ಲವೇ?
— ಓದುಗರು, ಡೊಂಬಿವಲಿ

ಉತ್ತರ: ಅಲ್ಲ. ಮೈನಸ್ ಹೇಳುವುದು ದಿಕ್ಕನ್ನು ಮಾತ್ರ. ಓಟ ಹೆಚ್ಚುತ್ತಿದೆಯೋ ತಗ್ಗುತ್ತಿದೆಯೋ ಎಂದು ತಿಳಿಯಲು ವೇಗದ ಬಾಣ, ವೇಗೋತ್ಕರ್ಷದ ಬಾಣ ಎರಡನ್ನೂ ಜೊತೆಗಿಟ್ಟು ನೋಡಬೇಕು. ಎರಡೂ ಒಂದೇ ಕಡೆಗಿದ್ದರೆ ಓಟ ಹೆಚ್ಚುತ್ತದೆ, ಎದುರುಬದುರಾಗಿದ್ದರೆ ತಗ್ಗುತ್ತದೆ.

ಮುಂಬೈಯ ಮಾಟುಂಗಾ ಪ್ಲಾಟ್‌ಫಾರ್ಮಿಗೆ ಬರುತ್ತಿರುವ ಲೋಕಲ್ ರೈಲೊಂದನ್ನು ಊಹಿಸಿಕೊಳ್ಳಿ. ಬಲಗಡೆ ಪ್ಲಸ್. ಗಾಡಿಯ ಮೂತಿ ಎಲ್ಲಿದೆಯೆಂದು 2 ಸೆಕೆಂಡಿಗೊಮ್ಮೆ ಒಂದು ಚುಕ್ಕೆ ಇಡೋಣ. ಲೆಕ್ಕ ಸುಲಭವಾಗಲೆಂದು ಆರಿಸಿದ ಅಂಕಿಗಳಿವು: 0, 18, 32, 42, 48, 50 ಮೀಟರ್. ಅಂತರಗಳು 18, 14, 10, 6, 2. ಒಂದೊಂದನ್ನೂ 2ರಿಂದ ಭಾಗಿಸಿದರೆ ಸರಾಸರಿ ವೇಗ ಸೆಕೆಂಡಿಗೆ 9, 7, 5, 3, 1 ಮೀಟರ್. ಪ್ರತಿ 2 ಸೆಕೆಂಡಿಗೆ ವೇಗ 2ರಷ್ಟು ಇಳಿಯುತ್ತಿದೆ, ಅಂದರೆ ವೇಗೋತ್ಕರ್ಷ −1 ಮೀ/ಸೆ². ಇಲ್ಲಿ ಮೈನಸ್ಸೂ ಇದೆ, ಗಾಡಿ ನಿಧಾನವೂ ಆಗುತ್ತಿದೆ. ಮಕ್ಕಳು ಮೊದಲು ಕಾಣುವುದು ಇಂಥ ಉದಾಹರಣೆಯನ್ನೇ, ಹಾಗಾಗಿ ಎರಡೂ ಒಂದೇ ಎಂದು ಮನಸ್ಸಿನಲ್ಲಿ ಕೂತುಬಿಡುತ್ತದೆ.

ಈಗ ಚುಕ್ಕೆಗಳನ್ನು ಮುಟ್ಟದೆ ಕ್ರಮವನ್ನು ಮಾತ್ರ ತಿರುಗಿಸಿ. 50ರಲ್ಲಿ ನಿಂತಿದ್ದ ಗಾಡಿ ಎಡಕ್ಕೆ ಹೊರಟಿತು. ವೇಗ −1, −3, −5, −7, −9. ಪ್ರತಿ ಸಲದ ಬದಲಾವಣೆ −2, ವೇಗೋತ್ಕರ್ಷ ಮತ್ತೆ −1. ಆದರೆ ಗಾಡಿಯ ಓಟ ಹೆಚ್ಚುತ್ತಿದೆ! ನಿಮ್ಮ ಮಗಳ ಮುಂದಿದ್ದದ್ದು ಇಂಥ ಚಿತ್ರ.

ಅವೇ ಚುಕ್ಕೆಗಳು, ಓಟ ಮಾತ್ರ ತಿರುವುಮುರುವು, ವೇಗೋತ್ಕರ್ಷದ ಬಾಣ ಎರಡರಲ್ಲೂ ಎಡಕ್ಕೇ. ನೇರ ದಾರಿಯಲ್ಲಿ ಹಿಂದಿರುಗದೆ ಸಾಗುವ ವಸ್ತುವಿಗೆ ಆ ಬಾಣ ಯಾವಾಗಲೂ ಒತ್ತೊತ್ತಾದ ಚುಕ್ಕೆಗಳ ಕಡೆಯಿಂದ ಬಿಡಿಬಿಡಿಯಾದವುಗಳ ಕಡೆಗೆ ಇರುತ್ತದೆ. ಪರೀಕ್ಷೆಯಲ್ಲಿ ಉತ್ತರ ತಾಳೆ ನೋಡಲು ಇದಕ್ಕಿಂತ ಚುರುಕಾದ ಉಪಾಯವಿಲ್ಲ. ವೇಗದ ದಿಕ್ಕನ್ನು ಮಾತ್ರ ಚುಕ್ಕೆಗಳು ತಾವಾಗಿ ಹೇಳವು. ಅದಕ್ಕೇ ಪ್ರತಿ ಚುಕ್ಕೆಯ ಪಕ್ಕ 0, 1, 2 ಎಂದು ಕ್ರಮಸಂಖ್ಯೆ ಬರೆಯುವುದನ್ನು ಬಿಡಬಾರದು.

ಬಾಣ ಬರೆಯುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ಒಂದು ಚುಕ್ಕೆಯಿಂದ ಮುಂದಿನದಕ್ಕೆ ಎಳೆದ ಬಾಣ ಆ 2 ಸೆಕೆಂಡಿನ ಸರಾಸರಿ ವೇಗವನ್ನು ತೋರಿಸುತ್ತದೆ, ಚುಕ್ಕೆಯಲ್ಲಿನ ವೇಗವನ್ನಲ್ಲ. ಮೊದಲ ಚಿತ್ರದಲ್ಲಿ 48 ಮೀಟರಿನ ಚುಕ್ಕೆಯ ವೇಗ 3 ಅಲ್ಲ, 1 ಅಲ್ಲ, ನಡುವಿನ 2. ವೇಗೋತ್ಕರ್ಷಕ್ಕೆ ಚುಕ್ಕೆಯ ಹಿಂದಿನ ಬಾಣ, ಮುಂದಿನ ಬಾಣ ಎರಡನ್ನೂ ಬಾಲಕ್ಕೆ ಬಾಲ ಸೇರಿಸಿ ಪಕ್ಕದಲ್ಲಿ ಬರೆದುಕೊಳ್ಳಲಿ. ಹಿಂದಿನದರ ತುದಿಯಿಂದ ಮುಂದಿನದರ ತುದಿಗೆ ಎಳೆದ ಗೆರೆಯೇ ವೇಗದ ಬದಲಾವಣೆ. ವೇಗೋತ್ಕರ್ಷದ ದಿಕ್ಕೂ ಅದೇ.

ಸೂತ್ರ ಕೈಕೊಡುವಲ್ಲೂ ಈ ವಿಧಾನ ಕೆಲಸ ಮಾಡುತ್ತದೆ. ಮರೀನ್ ಡ್ರೈವಿನ ಬಾಗಿನಲ್ಲಿ ಒಂದೇ ಹದದಲ್ಲಿ ಸಾಗುವ ಟ್ಯಾಕ್ಸಿಯ ಚುಕ್ಕೆಗಳು ಸಮ ಅಂತರದಲ್ಲಿರುತ್ತವೆ. ‘ವೇಗೋತ್ಕರ್ಷ ಸೊನ್ನೆ’ ಎಂದು ಬರೆಯಲು ಕೈ ಓಡುತ್ತದೆ. ಬಾಣಗಳನ್ನು ಬಾಲ ಸೇರಿಸಿ ಇಟ್ಟರೆ ತುದಿಗಳು ಕೂಡುವುದಿಲ್ಲ; ಆ ಗೆರೆ ಬಾಗಿನ ಒಳಗಡೆಗೆ ತೋರಿಸುತ್ತದೆ. ಮೇಲಕ್ಕೆಸೆದ ಚೆಂಡಿನ ತುತ್ತತುದಿಯಲ್ಲೂ ಹೀಗೆಯೇ. ಅಲ್ಲಿ ವೇಗ ಸೊನ್ನೆ. ಆದರೆ ಹಿಂದಿನ ಬಾಣ ಮೇಲಕ್ಕೆ, ಮುಂದಿನದು ಕೆಳಕ್ಕೆ, ಹಾಗಾಗಿ ಬದಲಾವಣೆ ಕೆಳಕ್ಕೆ. ವೇಗೋತ್ಕರ್ಷವೂ ಸೊನ್ನೆಯಾಗಿದ್ದರೆ ಚೆಂಡು ಅಲ್ಲೇ ನಿಂತುಬಿಡುತ್ತಿತ್ತು. ಏರುವ, ಇಳಿಯುವ ಚುಕ್ಕೆಗಳು ಒಂದರ ಮೇಲೊಂದು ಬೀಳದಂತೆ ಎರಡು ಸಾಲಾಗಿ ಬರೆಯಲಿ.

ಇದನ್ನು ಮನೆಯಲ್ಲೇ ಮಾಡಿ ನೋಡಬಹುದು, ಮಾಡಲೇಬೇಕು ಎಂದು ನನ್ನ ಒತ್ತಾಯ. ಮೊಬೈಲನ್ನು ಅಲುಗದಂತೆ ನಿಲ್ಲಿಸಿ, ಸೆಕೆಂಡಿಗೆ 30 ಫ್ರೇಮ್ ಆಯ್ದುಕೊಂಡು, 2 ಮೀಟರ್ ಎತ್ತರದಿಂದ ಬೀಳುವ ಚೆಂಡಿನ ವಿಡಿಯೊ ತೆಗೆಯಿರಿ. ಪ್ರತಿ ಮೂರನೇ ಫ್ರೇಮಿನಲ್ಲಿ ಚೆಂಡಿರುವ ಜಾಗ ಗುರುತಿಸಿದರೆ ಚುಕ್ಕೆಗಳ ನಡುವೆ 0.1 ಸೆಕೆಂಡ್. ಬಿಟ್ಟ ಕ್ಷಣವೂ ಫ್ರೇಮೂ ಕೂಡಿಬಂದರೆ ಅಂತರಗಳು 4.9, 14.7, 24.5, 34.3 ಸೆಂ.ಮೀ., ಅಂದರೆ 1:3:5:7. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ಬೆಸಸಂಖ್ಯೆಗಳ ನಿಯಮ. ಸಾಮಾನ್ಯವಾಗಿ ಅವು ಕೂಡಿಬರುವುದಿಲ್ಲ, ಚಿಂತೆಯಿಲ್ಲ. ಮೊದಲ ಅಂತರ ಏನೇ ಬರಲಿ, ಆಮೇಲಿನ ಒಂದೊಂದು ಅಂತರವೂ ಹಿಂದಿನದಕ್ಕಿಂತ ಸುಮಾರು 9.8 ಸೆಂ.ಮೀ. ಹೆಚ್ಚಿರಬೇಕು.

ಮಬ್ಬು ಬೆಳಕಿನಲ್ಲಿ ಕೆಲವು ಫೋನುಗಳು ಫ್ರೇಮುಗಳನ್ನು ತಾವೇ ಕಡಿಮೆ ಮಾಡಿಕೊಳ್ಳುತ್ತವೆ, ಆಗ ಸಮಯದ ಲೆಕ್ಕ ಕೆಡುತ್ತದೆ. ಕಿಟಕಿಯ ಬೆಳಕಿರುವಾಗಲೇ ತೆಗೆಯಿರಿ. ಅಳತೆಪಟ್ಟಿಯನ್ನು ಗೋಡೆಗೆ ಅಂಟಿಸಿ ಚೆಂಡನ್ನು ಅದರ ಮುಂದೆ ದೂರದಲ್ಲಿ ಬಿಡಬೇಡಿ. ಫೋನಿನಿಂದ ಚೆಂಡು 2 ಮೀಟರ್, ಗೋಡೆ 2.2 ಮೀಟರ್ ದೂರವಿದ್ದರೆ ಅಳತೆಗಳೆಲ್ಲ ಶೇ 10ರಷ್ಟು ಹಿಗ್ಗಿ, 9.8ರ ಜಾಗದಲ್ಲಿ 10.8 ಬರುತ್ತದೆ. ಪಟ್ಟಿಯೂ ಚೆಂಡೂ ಫೋನಿನಿಂದ ಒಂದೇ ದೂರದಲ್ಲಿರಲಿ.