ಜಿಲ್ಲೆಗೊಬ್ಬ ಮಂತ್ರಿ ಇರಲೇಬೇಕೆಂಬ ನಿಯಮ ಇದೆಯೇ? 2021ರ ಕೇರಳ ಸಂಪುಟದಲ್ಲಿ ಕಾಸರಗೋಡಿನವರು ಯಾಕೆ ಇರಲಿಲ್ಲ?

ಅಂಥ ನಿಯಮ ಇಲ್ಲ. ಸಂವಿಧಾನದ 164ನೇ ವಿಧಿಯಂತೆ ಮುಖ್ಯಮಂತ್ರಿ ಸೂಚಿಸಿದವರನ್ನು ರಾಜ್ಯಪಾಲರು ಮಂತ್ರಿ ಮಾಡುತ್ತಾರೆ. ಯಾವ ಜಿಲ್ಲೆಯವರು ಅಂತ ಅದು ಕೇಳುವುದಿಲ್ಲ.

ಕಷ್ಟ ಇರುವುದು ಲೆಕ್ಕದಲ್ಲಿ. 2003ರ 91ನೇ ತಿದ್ದುಪಡಿಯ ನಂತರ ಮುಖ್ಯಮಂತ್ರಿಯೂ ಸೇರಿ ಮಂತ್ರಿಗಳ ಸಂಖ್ಯೆ ವಿಧಾನಸಭೆಯ ಶೇ. 15 ಮೀರುವಂತಿಲ್ಲ. ಕೇರಳದಲ್ಲಿ 140 ಸ್ಥಾನ, ಅಂದರೆ ಹೆಚ್ಚೆಂದರೆ 21 ಮಂತ್ರಿಗಳು. ಜಿಲ್ಲೆಗಳು 14 ತಾನೇ, ಎಲ್ಲರಿಗೂ ಸಾಕಲ್ವಾ ಅನ್ನಿಸಬಹುದು. ಆದರೆ ಮಿತ್ರಪಕ್ಷಗಳ ಪಾಲು ಹಂಚುವಾಗಲೇ ಜಾಗ ಮುಗಿಯುತ್ತಾ ಬರುತ್ತದೆ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಇರುವುದೇ ಐದು ಕ್ಷೇತ್ರ. ಅದರಲ್ಲಿ ಮಂಜೇಶ್ವರ, ಕಾಸರಗೋಡು ಎರಡನ್ನೂ ಆ ಸಲ ಗೆದ್ದದ್ದು ವಿರೋಧ ಪಕ್ಷ.

ಹಿಂದೆ ಸಿಕ್ಕಿದ್ದೂ ಇದೆ. ಮಂಜೇಶ್ವರದ ಚೆರ್ಕಳಂ ಅಬ್ದುಲ್ಲ ಮಂತ್ರಿಯಾಗಿದ್ದರು. 2016ರಲ್ಲಿ ಕಾಞಂಗಾಡಿನ ಇ. ಚಂದ್ರಶೇಖರನ್ ಕಂದಾಯ ಮಂತ್ರಿಯಾದರು.

ನಿಯಮ ಇಲ್ಲದಿದ್ದರೂ ನಮ್ಮವರೊಬ್ಬರು ಬೇಕು ಅಂತಲೇ ನನ್ನ ಅಭಿಪ್ರಾಯ. ಇಲ್ಲಿಂದ ಮಂತ್ರಿಗೆ ಒಂದು ಮನವಿ ಕೊಡಲು ರಾತ್ರಿಯಿಡೀ ಮಾವೇಲಿ ರೈಲಿನಲ್ಲಿ ತಿರುವನಂತಪುರಕ್ಕೆ ಹೋಗಬೇಕು. ಸದ್ಯಕ್ಕಿರುವ ದಾರಿ ಅಂದರೆ ನಿಮ್ಮ ಶಾಸಕರ ಮೂಲಕ ಸದನದಲ್ಲಿ ಪ್ರಶ್ನೆ ಹಾಕಿಸುವುದು. ಆಗ ಆ ಖಾತೆಯ ಮಂತ್ರಿ, ಯಾವ ಜಿಲ್ಲೆಯವರೇ ಆಗಿರಲಿ, ಉತ್ತರ ಕೊಡಬೇಕಾಗುತ್ತದೆ.