ಫೋಟೋದಲ್ಲಿ ಉಳ್ಕೊಂಡಿದ್ದ ಆ ಕೈ ಯಾರದು?

ಅಪ್ಪನೋ ಅಮ್ಮನೋ ತೀರಿಕೊಂಡ ಮೇಲೆ ಹಳೇ ಫೋಟೋಗಳ ಡಬ್ಬ ಮಕ್ಕಳ ಪಾಲಿಗೆ ಬರತ್ತೆ. ಅದನ್ನ ಇಟ್ಕೊಂಡು ತಳಮಳ ಪಡ್ತಾ ನನ್ನ ಹತ್ರ ಆಪ್ತಸಮಾಲೋಚನೆಗೆ ಬರೋರು ಈಗೀಗ ಜಾಸ್ತಿ. ಇದರಲ್ಲಿರೋ ಅರ್ಧ ಜನ ಯಾರಂತಾನೇ ಗೊತ್ತಿಲ್ಲ, ಬಿಸಾಡೋಕೆ ಮನಸ್ಸು ಬರಲ್ಲ, ಇಟ್ಕೊಂಡ್ರೆ ನಿದ್ದೆ ಬರಲ್ಲ ಅಂತಾರೆ. ಅಂಥದ್ದೇ ಒಂದು ಪ್ರಕರಣ ಇದು, ಅವರ ಒಪ್ಪಿಗೆ ತಗೊಂಡು ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೀತಿದೀನಿ.

ಐವತ್ತರ ಆಸುಪಾಸಿನ ಹೆಣ್ಣುಮಗಳು. ಅವರ ತಂದೆ ಹೋಗಿ ವರ್ಷ ಆಗ್ತಾ ಬಂದಿತ್ತು. ಹಿರಿಯರ ನೆನಪಿಗೆ ಅಂತ ಮನೇಲಿ ಒಂದು ಗೋಡೆ ತುಂಬ ಫೋಟೋ ಹಾಕ್ಬೇಕು ಅಂತ ಹೊರಟಿದ್ರು, ಹೊರಟಾಗಿಂದ ಸಣ್ಣಸಣ್ಣದಕ್ಕೂ ಅಳು, ಸಿಟ್ಟು. ಮೊದಲೆಲ್ಲ ತಂದೆ ಬಗ್ಗೆನೇ ಮಾತಾಡಿದ್ವಿ, ಅದು ಮಾಮೂಲಿ ದುಃಖ, ಅದರ ಬಗ್ಗೆ ಹೆಚ್ಚು ಬರೆಯಲ್ಲ.

ಒಂದಿನ ಅವರ ಅಜ್ಜಿ, ಅಂದ್ರೆ ತಂದೆಯ ತಾಯಿಯ ಫೋಟೋ ತಂದು ಮೇಜಿನ ಮೇಲಿಟ್ರು. ಕಪ್ಪು ಬಿಳುಪು, ಬೆಳ್ಳಿಯ ಲವಣ ಬಳಸಿ ಮಾಡ್ತಿದ್ದ ಹಳೇ ಪ್ರಿಂಟುಗಳಲ್ಲಿ ಆಗೋ ಹಾಗೆ ಕಪ್ಪು ಭಾಗ ಅಂಚಿನಲ್ಲಿ ಕನ್ನಡಿ ಥರ ಹೊಳೀತಿತ್ತು. ಅಜ್ಜಿ ಕುರ್ಚಿ ಮೇಲೆ ಕೂತಿದಾರೆ. ಬಲಗಡೆ ಯಾರನ್ನೋ ಕತ್ತರಿಸಿ ತೆಗೆದಿದಾರೆ, ಕತ್ತರಿ ಮೇಲಿಂದ ನೆಟ್ಟಗೆ ಬಂದು ಅಜ್ಜಿ ಭುಜದ ಹತ್ರ ಸುತ್ತಿ ಕೆಳಗಿಳಿದಿದೆ. ಭುಜದ ಮೇಲೆ ಒಂದು ಕೈ ಮಾತ್ರ ಉಳ್ಕೊಂಡಿದೆ, ಗಂಡಸಿನ ಕೈ, ಮಣಿಕಟ್ಟಲ್ಲಿ ವಾಚು.

ಆಮೇಲೆ ಫೋನಲ್ಲಿ ಅದೇ ಫೋಟೋನ ಆ್ಯಪ್‌ನಲ್ಲಿ ಸರಿ ಮಾಡ್ಸಿದ್ದನ್ನ ತೋರಿಸಿದ್ರು. ಬಣ್ಣ ಬಂದಿದೆ, ಅಜ್ಜಿ ಮುಖದಲ್ಲಿ ಚೂರು ನಗು ಬಂದಿದೆ, ಕೈ ಇದ್ದ ಜಾಗದಲ್ಲಿ ಬಟ್ಟೆ ಮಡಿಕೆ. "ಕೈ ತೆಗೆಸಿಬಿಟ್ಟೆ ಮೇಡಂ, ಈಗ ನೀಟಾಗಿದೆ ಅಲ್ವಾ?"

"ಆ ಕೈ ಯಾರದು?" ಅಂದೆ.

"ಗೊತ್ತಿಲ್ಲ. ಚಿಕ್ಕವಳಿದ್ದಾಗ ಒಂದ್ಸಲ ಕೇಳಿದ್ದೆ, ಅಪ್ಪ ಏನೂ ಹೇಳದೆ ಎದ್ದು ಆಚೆ ಹೋದ್ರು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ."

ಸ್ವಲ್ಪ ಹೊತ್ತು ಫೋನು, ಫೋಟೋ ಎರಡನ್ನೂ ನೋಡ್ತಾ ಕೂತಿದ್ರು. ಆಮೇಲೆ ಅವರಾಗೇ ಕೇಳಿದ್ರು, "ಅಪ್ಪ ಎದ್ದು ಹೋದ್ರು, ನಾನು ಅಳಿಸಿಬಿಟ್ಟೆ. ಎರಡೂ ಒಂದೇ ಅಲ್ವಾ ಮೇಡಂ?"

ಹೌದು ಅಂತಲೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಆ್ಯಪ್‌ನಲ್ಲಿ ಸರಿ ಮಾಡ್ಸಿದ್ದನ್ನ ಸದ್ಯಕ್ಕೆ ಗೋಡೆಗೆ ಹಾಕ್ಬೇಡಿ, ನಿಮ್ಮ ಸೋದರತ್ತೆ ಇನ್ನೂ ಇದಾರಲ್ಲ, ಅವರನ್ನ ಕೇಳಿ ಅಂದೆ. ಫೋನಲ್ಲಿರೋದಲ್ಲ, ಮೂಲ ಫೋಟೋನೇ ಅವರ ಕೈಗೆ ಕೊಡಿ, ಕೈ ಯಾರದು ಅಂತ ಶುರು ಮಾಡ್ಬೇಡಿ, ಇದು ಎಲ್ಲಿ ತೆಗೆಸಿದ್ದು, ಕ್ಯಾಮೆರಾ ಯಾರ ಹತ್ರ ಇತ್ತು ಅಂತ ಕೇಳಿ, ಅವರು ಬೇಡ ಅಂದ್ರೆ ಅಲ್ಲಿಗೇ ಬಿಟ್ಟುಬಿಡಿ.

ಅತ್ತೆ ಹೇಳಿದ್ರು. ಅದು ಅವರ ದೊಡ್ಡಣ್ಣನ ಕೈ, ಈಕೆಗೆ ದೊಡ್ಡಪ್ಪ. ಹಾಗೊಬ್ಬರು ಇದ್ರು ಅನ್ನೋದೇ ಈಕೆಗೆ ಗೊತ್ತಿರಲಿಲ್ಲ. ಮಾನಸಿಕ ಕಾಯಿಲೆ ಬಂದು ಒಂದಿನ ಮನೆ ಬಿಟ್ಟು ಹೋದೋರು ವಾಪಸ್ ಬರಲಿಲ್ಲ. ನಾಲ್ಕು ಜನಕ್ಕೆ ಗೊತ್ತಾಗ್ಬಾರದು ಅಂತ ಅಜ್ಜ ಕತ್ತರಿ ಹಾಕಿದ್ರಂತೆ. ಕೈಯನ್ನೂ ಕತ್ತರಿಸಿದ್ರೆ ಅಜ್ಜಿ ಭುಜಾನೂ ಹೋಗ್ತಿತ್ತು, ಅದಕ್ಕೇ ಉಳೀತು.

ಇದಕ್ಕೆ ಈಕೆಯ ತಮ್ಮನಿಗೆ ನನ್ನ ಮೇಲೆ ಸಿಟ್ಟು. ಸತ್ತವರನ್ನ ಕೆದಕಿಸ್ತಾರೆ, ಅಜ್ಜನ ಮರ್ಯಾದೆ ತೆಗೆಸಿದ್ರು, ಇದೇನಾ ಹಿರಿಯರಿಗೆ ಕೊಡೋ ಗೌರವ ಅಂದ್ರಂತೆ. ಆ ಮಾತು ಬೇರೆ ಮನೆಗಳವರೂ ಕೇಳ್ತಾರೆ, ಹಾಗಾಗಿ ಹೇಳ್ತೀನಿ. ದೊಡ್ಡಪ್ಪನೂ ಆ ಮನೆಯ ಹಿರಿಯರೇ. ಗೌರವ ಅಂದ್ರೆ ಫೋಟೋ ಚೆಂದ ಕಾಣೋ ಹಾಗೆ ಮಾಡೋದು ಅಂತ ನಾನು ನಂಬಲ್ಲ, ಇದ್ದೋರನ್ನ ಇದ್ದ ಹಾಗೆ ಗುರುತಿಸೋದು ಅಂತ ನಂಬ್ತೀನಿ. ಅಜ್ಜನ ಫೋಟೋನ ಗೋಡೆಯಿಂದ ತೆಗೀರಿ ಅಂತ ನಾನು ಹೇಳಲಿಲ್ಲ, ಅವರು ಹೆದರಿದ ಮನುಷ್ಯ, ಅದನ್ನೂ ಮಕ್ಕಳಿಗೆ ಹೇಳ್ಬಹುದು. ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್, ರಾಬಿನ್ ಫಿವುಶ್ ಅನ್ನೋ ಮನಶ್ಶಾಸ್ತ್ರಜ್ಞರು ಮಕ್ಕಳಿಗೆ ಮನೆಯವರ ಬಗ್ಗೆ 20 ಪ್ರಶ್ನೆ ಕೇಳಿ ನೋಡಿದ್ರು, ಹೆಚ್ಚು ಗೊತ್ತಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸ ಜಾಸ್ತಿ ಕಂಡಿತ್ತು. ಆದ್ರೆ ಉತ್ತರ ಬಾಯಿಪಾಠ ಮಾಡಿಸಿದ್ರೆ ಆಗಲ್ಲ, ಮನೇಲಿ ಕೂತು ಮಾತಾಡೋದು ನಡೀಬೇಕು, ಅದೂ ಗೆದ್ದಿದ್ದು ಬಿದ್ದಿದ್ದು ಎರಡೂ. ಹಾಗಂತ ನಿಮ್ಮನ್ನ ಹಿಂಸಿಸಿದವರ ಫೋಟೋನೂ ಗೋಡೆ ಮೇಲೆ ಇರ್ಬೇಕು ಅಂತಲ್ಲ, ಅದಕ್ಕೆ ಯಾರೂ ಒತ್ತಾಯ ಮಾಡೋ ಹಾಗಿಲ್ಲ.

ಮತ್ತೊಂದು ಮಾತು, ಹಳೇ ಫೋಟೋದಲ್ಲಿ ಅಜ್ಜಿ ನಗ್ತಿಲ್ಲ, ಪಾಪ ಎಷ್ಟು ನೊಂದಿದ್ರೋ ಅಂತ ತುಂಬ ಜನ ಅಳ್ತಾರೆ. ಆಗ ಫೋಟೋಗೆ ಗಂಭೀರವಾಗಿ ಕೂರೋದೇ ರೂಢಿ. ಮುಖ ನೋಡಿ ಬದುಕು ಅಳೀಬೇಡಿ, ಗೊತ್ತಿದ್ದೋರನ್ನ ಕೇಳಿ.

ಡಬ್ಬ ಕೈಗೆ ಬಂದಿರೋರಿಗೆ ನಾನು ಹೇಳೋದು, ಮೊದಲು ಇರೋ ಹಾಗೇ ಸ್ಕ್ಯಾನ್ ಮಾಡಿ, 600 ಡಿಪಿಐನಲ್ಲಿ (ಅಂದ್ರೆ ಇಂಚಿಗೆ 600 ಚುಕ್ಕಿ), ಹಿಂಭಾಗನೂ ಸೇರಿಸಿ, ಯಾಕಂದ್ರೆ ಬರಹ, ಸೀಲು ಇರೋದು ಅಲ್ಲೇ. ಬಣ್ಣ ತುಂಬಿಸೋದಾದ್ರೆ ಅದು ಬೇರೆ ಫೈಲು, ಆ ಬಣ್ಣ ಆ್ಯಪ್‌ನ ಊಹೆ ಅಷ್ಟೇ ಅನ್ನೋದು ನೆನಪಿರಲಿ. ಗೋಡೆಗೆ ಕಾಪಿ ಹಾಕಿ, ಮೂಲ ಬೆಳಕು ಬೀಳದ ಕಡೆ ಇಡಿ. ಅಂಟು ಹಾಳೆಯ ಆಲ್ಬಮ್‌ನಿಂದ ಕಿತ್ತು ತೆಗೀಬೇಡಿ, ಹರಿದುಹೋಗತ್ತೆ, ಅಲ್ಲಿದ್ದ ಹಾಗೇ ಫೋಟೋ ತಗೊಳ್ಳಿ. ಹೆಸರನ್ನ ಬಾಲ್‌ಪೆನ್ನಲ್ಲಿ ಬರೀಬೇಡಿ, ಒತ್ತಿದ ಗೀರು ಮುಂದೆ ಕಾಣತ್ತೆ, ಮೆತ್ತನೆ ಪೆನ್ಸಿಲಲ್ಲಿ ಹಿಂಭಾಗದ ಅಂಚಿಗೆ ಬರೀರಿ. ಪ್ಲಾಸ್ಟಿಕ್ ಲೇಪದ ಪ್ರಿಂಟ್ ಮೇಲೆ ಪೆನ್ಸಿಲ್ ಹತ್ತಲ್ಲ, ಅಂಥದ್ದಕ್ಕೆ ಕವರ್ ಮೇಲೆ ಬರೀರಿ.

ಈಕೆ ಕೊನೆಗೆ ಕೈ ಇರೋ ಫೋಟೋನೇ ದೊಡ್ಡದು ಮಾಡಿಸಿ ಹಾಕಿದ್ರು, ಕೆಳಗೆ ಎರಡೂ ಹೆಸರು ಬರೆಸಿ. ತಮ್ಮ ಇನ್ನೂ ಒಪ್ಪಿಲ್ಲ. ಕೇಳೋಕೆ ಹಿರಿಯರು ಯಾರೂ ಉಳಿದಿಲ್ಲ ಅನ್ನೋರು ಗೊತ್ತಿರೋಷ್ಟನ್ನೇ ಬರೀರಿ, "ಬಹುಶಃ ಅಜ್ಜಿಯ ತಂಗಿ" ಅಂತ ಬರೆದು ಪಕ್ಕ ಒಂದು ಪ್ರಶ್ನೆ ಚಿಹ್ನೆ ಹಾಕಿ, ಅದರ ನಕಲು ದಾಯಾದಿಗಳಿಗೂ ಕಳಿಸಿ, ಗುರುತು ಹಿಡಿಯೋರು ಅವರ ಕಡೆ ಇರ್ಬಹುದು.